ಒಂದು ಗಂಟೆ ಟೇಬಲ್ ಸಿಕ್ಕಾಗ ಏನು ಮಾಡಬೇಕು?

ಸ್ನೂಕರ್ ಕಲಿಯಲು ಬರುವವರಲ್ಲಿ ತುಂಬಾ ಜನರದ್ದು ಒಂದೇ ಮಾತು. "ಸರ್, ಮೂರು ವರ್ಷದಿಂದ ಆಡ್ತಿದೀನಿ, ಬ್ರೇಕ್ 20 ದಾಟ್ತಿಲ್ಲ." ಬ್ರೇಕ್ ಅಂದರೆ ಒಂದೇ ಸರದಿಯಲ್ಲಿ ತಪ್ಪದೆ ಗಳಿಸುವ ಅಂಕ. ಟೇಬಲ್ ಮೇಲೆ ಒಬ್ಬರೇ ಎಷ್ಟು ಹೊತ್ತು ಇರುತ್ತೀರಿ ಅಂತ ನಾನು ಕೇಳುತ್ತೇನೆ. ಸುಮ್ಮನಾಗುತ್ತಾರೆ.

ಅವರ ತಪ್ಪಲ್ಲ. ನಮ್ಮ ಪಾರ್ಲರ್‌ಗಳಲ್ಲಿ ಟೇಬಲ್‌ಗೆ ಗಂಟೆ ಲೆಕ್ಕದ ಬಾಡಿಗೆ, ಸೋತವರು ದುಡ್ಡು ಕೊಡೋದು. ಹಾಗಾಗಿ ಎಲ್ಲರೂ ಗೆಲ್ಲೋಕೇ ಆಡುತ್ತಾರೆ, ಬರುವ ಶಾಟ್ ಮಾತ್ರ ಹೊಡೆಯುತ್ತಾರೆ, ಬಾರದ ಶಾಟ್ ಹಾಗೇ ಬಾರದೆ ಉಳಿಯುತ್ತದೆ. ಅದರಲ್ಲೂ ಅರ್ಧ ಹೊತ್ತು ಕುರ್ಚಿಯಲ್ಲೇ ಕೂತಿರುತ್ತೀರಿ, ಅಲ್ವಾ? ವಾರಕ್ಕೆ ಎರಡು ಗಂಟೆಯಾದರೂ ಒಬ್ಬರೇ ಆಡಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಮೊದಲ 10 ನಿಮಿಷ ವೈಟ್, ಅಂದರೆ ಕ್ಯೂನಿಂದ ಹೊಡೆಯುವ ಬಿಳಿ ಬಾಲ್, ಒಂದೇ ಸಾಕು. ಅದನ್ನು ಬ್ರೌನ್ ಬಾಲ್‌ನ ಸ್ಪಾಟ್ (ಬಾಲ್ ಇಡುವ ಗುರುತು) ಮೇಲಿಡಿ. ಅದು ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲೆ ಹಾದು, ಎದುರಿನ ಕುಶನ್‌ಗೆ ಬಡಿದು, ಅದೇ ದಾರಿಯಲ್ಲಿ ವಾಪಸ್ ಬಂದು ನಿಮ್ಮ ಕ್ಯೂ ಕೋಲಿನ ತುದಿಯ ಟಿಪ್‌ಗೆ ತಾಗಬೇಕು. ಹೊಡೆದ ಮೇಲೆ ತಲೆ ಎತ್ತಬೇಡಿ, ಕ್ಯೂ ಅಲ್ಲೇ ಇರಲಿ. ಹೋಗುವಾಗಲೇ ಸ್ಪಾಟ್ ತಪ್ಪಿತಾ? ನೀವು ನಿಂತ ರೀತಿ ಇಲ್ಲವೇ ಗುರಿ ಸರಿಯಿಲ್ಲ. ನೆಟ್ಟಗೆ ಹೋಗಿ ಕುಶನ್ ಬಡಿದ ಮೇಲೆ ಬಲಕ್ಕೆ ವಾಲಿದರೆ ಕತೆ ಬೇರೆ: ನಿಮಗೇ ಗೊತ್ತಿಲ್ಲದೆ ವೈಟ್‌ನ ಬಲಗಡೆ ಹೊಡೆದು ಸೈಡ್ (ಪಕ್ಕದ ಸುತ್ತು) ಹಾಕಿದ್ದೀರಿ. ನೇರ ಪಾಟ್‌ಗಳು (ಬಾಲ್ ಅನ್ನು ಪಾಕೆಟ್‌ಗೆ ಹಾಕೋದು) ಕೈಕೊಡೋಕೆ ಎಷ್ಟೋ ಸಲ ಇದೇ ಕಾರಣ. ಆದರೆ ಜನ ಕ್ಯೂ ಬದಲಾಯಿಸುತ್ತಾರೆ, ಟಿಪ್ ಬದಲಾಯಿಸುತ್ತಾರೆ!

ಆಮೇಲೆ ನೇರ ಬ್ಲೂ. ನಾನು ಒಂದೇ ಒಂದು ಅಭ್ಯಾಸ ಆರಿಸಬೇಕು ಅಂದರೆ ಇದನ್ನೇ ಆರಿಸುತ್ತೇನೆ. ಬ್ಲೂ ಅದರ ಸ್ಪಾಟ್ ಮೇಲಿರಲಿ, ವೈಟ್ ಅನ್ನು ಡಿ (ಆಟ ಶುರುವಾಗುವ ತುದಿಯ ಅರ್ಧವೃತ್ತ) ಕಡೆಯ ಮೂಲೆ ಪಾಕೆಟ್‌ನಿಂದ ಬ್ಲೂವರೆಗಿನ ಗೆರೆಯಲ್ಲಿಡಿ, ಎದುರು ಮೂಲೆಗೆ ಪಾಟ್ ಮಾಡಿ. 10 ಸಲ ಸ್ಟನ್, 10 ಸಲ ಫಾಲೋ (ಬಡಿದ ಮೇಲೆ ವೈಟ್ ಮುಂದಕ್ಕೆ ಹೋಗೋದು), 10 ಸಲ ಸ್ಕ್ರೂ (ಹಿಂದಕ್ಕೆ ಬರೋದು). ಸ್ಟನ್‌ನಲ್ಲಿ ವೈಟ್ ಬ್ಲೂಗೆ ಬಡಿದಲ್ಲೇ ನಿಲ್ಲಬೇಕು. ನಿಂತಲ್ಲೇ ಬುಗುರಿಯಂತೆ ತಿರುಗುತ್ತಿದ್ದರೆ ಮತ್ತೆ ಅದೇ ಸೈಡ್ ಕಾಯಿಲೆ. ಮೊದಲು ಎರಡು ಅಡಿ ದೂರದಿಂದ ಶುರು ಮಾಡಿ, ನಂತರ ಹಿಂದಕ್ಕೆ ಸರಿಯಿರಿ. ದೂರ ಹೆಚ್ಚಾದಂತೆ ವೈಟ್‌ನ ಹಿಂದಿರುಗು ಸುತ್ತನ್ನು ಟೇಬಲ್ ಬಟ್ಟೆ ತಿಂದುಬಿಡುತ್ತದೆ, ಬ್ಲೂ ಮುಟ್ಟುವ ಹೊತ್ತಿಗೆ ವೈಟ್ ಉರುಳತೊಡಗಿರುತ್ತದೆ. ಅದಕ್ಕೇ ದೂರದ ಸ್ಟನ್‌ಗೆ ಇನ್ನೂ ಕೆಳಗೆ, ಸ್ವಲ್ಪ ಜೋರಾಗಿ ಹೊಡೆಯಬೇಕು. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಕೈ ತಾನಾಗಿ ಕಲಿಯಬೇಕು.

ಉಳಿದ ಅರ್ಧ ಗಂಟೆ ಲೈನ್‌ಅಪ್. ಬಣ್ಣಗಳು ಅವುಗಳ ಜಾಗದಲ್ಲಿ. ಬ್ಲೂ ಮತ್ತು ಪಿಂಕ್ ನಡುವೆ 3 ರೆಡ್, ಪಿಂಕ್ ಮತ್ತು ಬ್ಲ್ಯಾಕ್ ನಡುವೆ 3 ರೆಡ್. 15 ರೆಡ್ ಈಗಲೇ ಬೇಡ. ರೆಡ್‌ಗೆ 1 ಅಂಕ, ಬ್ಲ್ಯಾಕ್‌ಗೆ 7; ಆರು ರೆಡ್‌ಗಳಲ್ಲಿ ಪ್ರತಿಯೊಂದರ ನಂತರವೂ ಬ್ಲ್ಯಾಕ್ ತೆಗೆದರೆ 48, ಕೊನೆಗೆ ಬಣ್ಣಗಳ 27 ಅಂಕವನ್ನೂ ಮುಗಿಸಿದರೆ 75. ತಪ್ಪಿತೋ, ಅಂಕ ಬರೆದು ಮತ್ತೆ ಜೋಡಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಪ್ರತಿ ಬಾಲ್‌ಗೂ ನೇರವಾಗಿ ಬಂದು ನಿಲ್ಲಬೇಕು ಅನ್ನೋ ಆಸೆ. ನೇರ ನಿಂತರೆ ಪಾಟ್ ಸುಲಭ, ಆದರೆ ಅಲ್ಲಿಂದ ವೈಟ್ ಅನ್ನು ಪಕ್ಕಕ್ಕೆ ಕದಲಿಸೋಕೆ ಆಗಲ್ಲ. ಸ್ವಲ್ಪ ಕೋನ ಬಿಟ್ಟುಕೊಳ್ಳಿ.

ಬಿಲಿಯರ್ಡ್ಸ್ ಆಡಿದರೆ ಸ್ನೂಕರ್ ಕೆಡುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ ಐಬಿಎಸ್‌ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಸ್ನೂಕರ್ ಗೆದ್ದರು, ಬಿಲಿಯರ್ಡ್ಸ್‌ನಲ್ಲೂ ಮತ್ತೆ ಮತ್ತೆ ವಿಶ್ವ ಚಾಂಪಿಯನ್ ಆದರು. ಮೂರೇ ಬಾಲ್ ಇರುವ ಆಟ ಅದು, ಪ್ರತಿ ಶಾಟ್‌ನಲ್ಲೂ ವೈಟ್ ಎಲ್ಲಿಗೆ ಹೋಗುತ್ತದೆ ಅಂತ ನೋಡಲೇಬೇಕು. ವಾರಕ್ಕೊಮ್ಮೆ ಧೈರ್ಯವಾಗಿ ಆಡಿ.

ಅಂಕ ಬರೆಯುವ ಪುಸ್ತಕದಲ್ಲಿ ಟೇಬಲ್ ನಂಬರ್ ಕೂಡ ಬರೆಯಿರಿ, ಅಂಕ ಇಳಿದದ್ದು ನಿಮ್ಮಿಂದಲೋ ಟೇಬಲ್‌ನಿಂದಲೋ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಬಾಲ್ ನಿಧಾನವಾಗುತ್ತದೆ, ನಿಮ್ಮ ಸ್ಕ್ರೂ ಏಕಾಏಕಿ ಬರಲ್ಲ, ಅಂಕವೂ ಇಳಿಯುತ್ತದೆ. ಆಗ ಗಾಬರಿಯಾಗಿ ಹೊಡೆಯುವ ರೀತಿ ಬದಲಾಯಿಸಬೇಡಿ. ಶುರು ಮಾಡುವ ಮೊದಲು ಡಿ ಕಡೆಯಿಂದ ಬ್ಲ್ಯಾಕ್ ಕಡೆಗೆ ಒಮ್ಮೆ ಬ್ರಷ್ ಹಾಕಲು ಮಾರ್ಕರ್‌ಗೆ (ಟೇಬಲ್ ನೋಡಿಕೊಳ್ಳುವ ಹುಡುಗನಿಗೆ) ಹೇಳಿ.