ಗಾಜಾದಿಂದ ಹೆಬ್ರಾನ್‌ಗೆ ದಾರಿ ಯಾಕಿಲ್ಲ?

"ಎರಡು ತುಂಡಾಗಿರೋ ನೆಲ ಒಂದು ದೇಶ ಹೇಗೆ ಆಗುತ್ತೆ ಸ್ವಾಮಿ?" ಪ್ಯಾಲೆಸ್ಟೀನ್ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಹೀಗೆ ಕೇಳುತ್ತಾರೆ. ಕೇಳಿ, ವಾದ ಗೆದ್ದವರ ಹಾಗೆ ಕೂರುತ್ತಾರೆ. ನನಗಂತೂ ಇದನ್ನು ಕೇಳಿ ಕೇಳಿ ಸಾಕಾಗಿದೆ. ಅಲಾಸ್ಕಾಗೂ ಉಳಿದ ಅಮೆರಿಕಕ್ಕೂ ನಡುವೆ ಕೆನಡಾ ಇದೆ. ರಷ್ಯಾದ ಕಲಿನಿನ್‌ಗ್ರಾದ್‌ಗೆ ಪೋಲೆಂಡ್ ಮತ್ತು ಲಿಥುವೇನಿಯಾ ನೆರೆಹೊರೆ, ರಷ್ಯಾ ಅಲ್ಲ. 1947ರಿಂದ 1971ರವರೆಗೆ ಪಾಕಿಸ್ತಾನದ ಎರಡು ಹೋಳುಗಳ ನಡುವೆ ಇಡೀ ಭಾರತವೇ ಇತ್ತು. ದೇಶ ಎನ್ನಿಸಿಕೊಳ್ಳಲು ನೆಲ ಬೇಕು ಎನ್ನುತ್ತದೆ ಅಂತಾರಾಷ್ಟ್ರೀಯ ಕಾನೂನು. ಅದು ಒಂದೇ ತುಂಡಾಗಿರಬೇಕು ಎಂದು ಎಲ್ಲೂ ಹೇಳುವುದಿಲ್ಲ.

ಪ್ಯಾಲೆಸ್ಟೀನ್‌ನ ಆ ಎರಡು ತುಂಡು ಅಂದರೆ ಗಾಜಾ ಪಟ್ಟಿ ಮತ್ತು ವೆಸ್ಟ್ ಬ್ಯಾಂಕ್. ನಡುವೆ ಇಸ್ರೇಲ್. ಗಾಜಾ ಪಟ್ಟಿಯ ಉದ್ದ ಸುಮಾರು 41 ಕಿ.ಮೀ., ವಿಸ್ತೀರ್ಣ 365 ಚದರ ಕಿ.ಮೀ. ಅದರ ಅಂಚಿನಿಂದ ವೆಸ್ಟ್ ಬ್ಯಾಂಕ್‌ನ ಅಂಚಿಗೆ ಹತ್ತಿರದ ಕಡೆ 40 ಕಿ.ಮೀ.ಗಿಂತ ಜಾಸ್ತಿ ಇಲ್ಲ. ಕಾರಲ್ಲಿ ಮುಕ್ಕಾಲು ಗಂಟೆ. ಕಷ್ಟ ಇರುವುದು ದೂರದಲ್ಲಲ್ಲ, ರೇಖಾಗಣಿತದಲ್ಲಿ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗವೂ ಇದೇ.

ಒಂದು ಹಾಳೆ ತೊಗೊಳ್ಳಿ. ಎಡ ಅಂಚಿನಿಂದ ಬಲ ಅಂಚಿಗೆ ಒಂದು ಗೆರೆ ಎಳೆಯಿರಿ, ಎಷ್ಟು ಸೊಟ್ಟಗಿದ್ದರೂ ಪರವಾಗಿಲ್ಲ. ಈಗ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ, ಮೊದಲ ಗೆರೆಯನ್ನು ಮುಟ್ಟದೆ, ಇನ್ನೊಂದು ಗೆರೆ ಎಳೆಯಿರಿ. ಆಗಲ್ಲ ಅಲ್ವಾ? ಎಷ್ಟೇ ಬುದ್ಧಿ ಓಡಿಸಿದರೂ ಆಗಲ್ಲ. ಸಮತಟ್ಟಾದ ಮೇಲ್ಮೈಯ ಗುಣವೇ ಅದು. ಗಾಜಾ ಇರುವುದು ಪಶ್ಚಿಮದ ಸಮುದ್ರಕ್ಕೆ ಅಂಟಿಕೊಂಡು. ವೆಸ್ಟ್ ಬ್ಯಾಂಕ್ ಇರುವುದು ಪೂರ್ವದ ಜೋರ್ಡಾನ್ ನದಿಗೆ ಅಂಟಿಕೊಂಡು. ಇವೆರಡನ್ನೂ ನೆಲದ ಮೇಲೆ ಒಂದು ಪಟ್ಟಿಯಿಂದ ಜೋಡಿಸಿದರೆ ಸಮುದ್ರದಿಂದ ನದಿಯವರೆಗೆ ಗೆರೆ ಎಳೆದಂತೆ. ಇಸ್ರೇಲ್‌ನ ಉತ್ತರ ಭಾಗಕ್ಕೂ ನೆಗೆವ್ ಮರುಭೂಮಿಗೂ ಸಂಪರ್ಕ ಕಡಿದುಹೋಗುತ್ತದೆ. ಒಬ್ಬರನ್ನು ಜೋಡಿಸಿದರೆ ಇನ್ನೊಬ್ಬರು ತುಂಡಾಗುತ್ತಾರೆ.

1947ರಲ್ಲಿ ವಿಶ್ವಸಂಸ್ಥೆಯ ವಿಭಜನೆ ಯೋಜನೆ ಬರೆದವರಿಗೆ ಇದು ಗೊತ್ತಿತ್ತು. ಯಹೂದಿ ರಾಷ್ಟ್ರಕ್ಕೆ ಮೂರು ತುಂಡು, ಅರಬ್ ರಾಷ್ಟ್ರಕ್ಕೆ ಮೂರು ತುಂಡು ಮತ್ತು ಬೇರೆಯಾಗಿ ಜಾಫಾ ಪಟ್ಟಣ. ಆ ತುಂಡುಗಳು ಎರಡು ಕಡೆ ಬರೀ ಬಿಂದುವಿನಲ್ಲಿ ಒಂದಕ್ಕೊಂದು ತಾಗುತ್ತಿದ್ದವು. ಒಂದು ಬಿಂದು ಉತ್ತರದಲ್ಲಿ ಅಫುಲಾ ಹತ್ತಿರ. ಇನ್ನೊಂದು ದಕ್ಷಿಣದಲ್ಲಿ, ಗಾಜಾ ಕಡೆಯ ಕರಾವಳಿ ಭಾಗವೂ ಬೆಟ್ಟದ ಸೀಮೆಯೂ ಸಂಧಿಸುವಲ್ಲಿ. ಬಿಂದುವಿಗೆ ಅಗಲವೇ ಇಲ್ಲ. ಅದರ ಮೇಲೊಂದು ರಸ್ತೆ, ಕೆಳಗೊಂದು ರಸ್ತೆ ಹಾಕಿದರೆ ಇಬ್ಬರೂ ದಾಟಬಹುದು. ಅಂದರೆ ಹಾಳೆಯಲ್ಲಿ ಆಗದ್ದನ್ನು ಎತ್ತರ ಬಳಸಿ ಮಾಡುವ ಉಪಾಯ. ಯುದ್ಧ ಬಂತು, ಉಪಾಯ ಕಾಗದದಲ್ಲೇ ಉಳಿಯಿತು. 1949ರ ಫೆಬ್ರವರಿ 24ರಂದು ಈಜಿಪ್ಟ್ ಮತ್ತು ಇಸ್ರೇಲ್ ಕದನವಿರಾಮಕ್ಕೆ ಸಹಿ ಹಾಕಿದಾಗ ಗಾಜಾ ಪಟ್ಟಿ ಹೆಚ್ಚುಕಡಿಮೆ ಈಗಿನ ಆಕಾರಕ್ಕೆ ಬಂತು.

ವಿಚಿತ್ರ ಅಂದರೆ, 1967ರಲ್ಲಿ ಎರಡೂ ಕಡೆ ಇಸ್ರೇಲ್ ಸೇನೆಯ ಕೈಗೆ ಹೋದ ಮೇಲೆ ಓಡಾಟ ಸುಲಭವಾಯಿತು. 1972ರಿಂದ ಸಾಮಾನ್ಯ ಪರವಾನಗಿ ಇತ್ತು. ಗಾಜಾದವರು ವೆಸ್ಟ್ ಬ್ಯಾಂಕ್‌ನಲ್ಲಿ ಓದಿದರು, ಅಲ್ಲೇ ಮದುವೆಯಾದರು. 1991ರಲ್ಲಿ ಆ ಪರವಾನಗಿ ರದ್ದಾಯಿತು. ಅಲ್ಲಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆ ಅನುಮತಿ ಚೀಟಿ.

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ 1993ರ ಓಸ್ಲೋ ಒಪ್ಪಂದದ 4ನೇ ವಿಧಿ ಗಾಜಾ ಮತ್ತು ವೆಸ್ಟ್ ಬ್ಯಾಂಕ್ ಎರಡನ್ನೂ ಒಂದೇ ಭೂಘಟಕ ಎಂದು ಒಪ್ಪಿಕೊಂಡಿತು. ಅದಕ್ಕೆ ಇಸ್ರೇಲ್ ಸಹಿಯೂ ಇದೆ. 1995ರ ಒಪ್ಪಂದದಲ್ಲಿ, ಇಸ್ರೇಲ್ ಒಳಗಿಂದ ಇವೆರಡರ ನಡುವೆ ಓಡಾಡುವ 'ಸುರಕ್ಷಿತ ಹಾದಿ'ಯ ನಿಯಮಗಳು ಬಂದವು. ಹಾದಿ ತೆರೆದದ್ದು 1999ರ ಅಕ್ಟೋಬರ್ 25ರಂದು, ಗಾಜಾದ ಎರೆಜ್ ಗೇಟಿನಿಂದ ವೆಸ್ಟ್ ಬ್ಯಾಂಕ್‌ನ ಹೆಬ್ರಾನ್ ಪಕ್ಕದ ತರ್ಕೂಮಿಯಾಗೆ. ಹೋಗುವವರ ಕೈಯಲ್ಲಿ ಒಂದು ಕಾರ್ಡ್. ಹೊರಟ ಸಮಯಕ್ಕೆ ಮುದ್ರೆ. ಇಂತಿಷ್ಟು ಹೊತ್ತಿನೊಳಗೆ ಆಚೆ ಗೇಟು ಮುಟ್ಟಬೇಕು. ದಾರಿ ಬಿಟ್ಟು ಇಳಿಯುವ ಹಾಗಿಲ್ಲ, ನಡುವೆ ನಿಲ್ಲುವ ಹಾಗಿಲ್ಲ. ಗಾಡಿ ಕೆಟ್ಟರೆ ಅಥವಾ ಯಾರಿಗಾದರೂ ಆರೋಗ್ಯ ತೀರಾ ಕೆಟ್ಟರೆ ಮಾತ್ರ ವಿನಾಯಿತಿ. ಇಸ್ರೇಲ್ ಒಳಗೆ ಕಾಲಿಡುವಂತಿಲ್ಲದವರಿಗೆ ವಾರಕ್ಕೆ ಎರಡು ದಿನ ಪೊಲೀಸ್ ಕಾವಲಿನ ಬಸ್ಸು.

ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು. ಭದ್ರತೆಯ ಕಾರಣಕ್ಕೆ ಇಸ್ರೇಲ್ ಒಂದು ಹಾದಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು, ಆದರೆ ಯೋಜಿಸಿದ್ದ ಎರಡು ಹಾದಿಗಳಲ್ಲಿ ಒಂದು ತೆರೆದೇ ಇರಬೇಕು. ಓದಲು ಚೆನ್ನಾಗಿದೆ. ತಮಾಷೆ ಏನೆಂದರೆ ಉತ್ತರದ ಎರಡನೇ ಹಾದಿ ತೆರೆಯಲೇ ಇಲ್ಲ. 2000ದ ಸೆಪ್ಟೆಂಬರ್ ಕೊನೆಯಲ್ಲಿ ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಶುರುವಾಯಿತು. ಅಕ್ಟೋಬರ್‌ನಲ್ಲಿ ಇದ್ದ ಒಂದೂ ಮುಚ್ಚಿತು. ಹಾದಿಗೆ ಒಂದು ವರ್ಷ ಕೂಡ ತುಂಬಿರಲಿಲ್ಲ. 2005ರ ನವೆಂಬರ್‌ನಲ್ಲಿ ಅಮೆರಿಕದ ಮಧ್ಯಸ್ಥಿಕೆಯಲ್ಲಿ ಇನ್ನೊಂದು ಒಪ್ಪಂದ ಆಯಿತು. ಡಿಸೆಂಬರ್ 15ರಿಂದ ಬಸ್ಸು ಹೊರಡಬೇಕಿತ್ತು. ಹೊರಡಲಿಲ್ಲ. 2006ರ ಮಾರ್ಚ್‌ನಲ್ಲಿ ಹಮಾಸ್ ನೇತೃತ್ವದ ಸಚಿವ ಸಂಪುಟ ಪ್ರಮಾಣವಚನ ತೆಗೆದುಕೊಂಡಾಗ ಕೆಲವು ಸಚಿವರು ವೆಸ್ಟ್ ಬ್ಯಾಂಕ್‌ನ ರಾಮಲ್ಲಾದಲ್ಲಿದ್ದರು, ಕೆಲವರು ಗಾಜಾದಲ್ಲಿದ್ದರು. ನಡುವೆ ವಿಡಿಯೋ ಪರದೆ.

ಇಂಥ ಹೊತ್ತಿಗೆ ಎಂಜಿನಿಯರಿಂಗ್ ಭಕ್ತರು ಎದ್ದು ನಿಲ್ಲುತ್ತಾರೆ. ಎತ್ತರದ ಸೇತುವೆ ಕಟ್ಟಿ. ತಗ್ಗಿನಲ್ಲಿ ರಸ್ತೆ ಹಾಕಿ. ಸುರಂಗ ಕೊರೆಯಿರಿ. 2020ರಲ್ಲಿ ಟ್ರಂಪ್ ಬಿಡುಗಡೆ ಮಾಡಿದ ನಕ್ಷೆಯಲ್ಲೂ ಒಂದು ಸುರಂಗ ಇತ್ತು. ಸೇತುವೆ ಮತ್ತು ಸುರಂಗ ಹಾಳೆಯ ಸಮಸ್ಯೆಯನ್ನು ಬಗೆಹರಿಸುತ್ತವೆ, ನಿಜ. ಆದರೆ ಎರಡು ತುದಿಗಳಲ್ಲಿ ಗೇಟು ಇದ್ದೇ ಇರುತ್ತದಲ್ಲ! 1999ರ ಹಾದಿಗೆ ಒಂದು ಮೂಟೆ ಸಿಮೆಂಟ್ ಕೂಡ ಕಡಿಮೆ ಬಿದ್ದಿರಲಿಲ್ಲ. ರಸ್ತೆ ಮೊದಲೇ ಇತ್ತು. ನಿಂತುಹೋದದ್ದು ಅನುಮತಿ.

ಇಲ್ಲಿ ಒಂದು ಭಾರತದ ಕಥೆ ಹೇಳಲೇಬೇಕು, ಯಾಕೆಂದರೆ ಈ ವಿಷಯದ ಪಾಠ ಹೇಳುವವರೆಲ್ಲ ಇದನ್ನೇ ಉದಾಹರಿಸುತ್ತಾರೆ. ಪೋರ್ಚುಗೀಸರ ಕೈಯಲ್ಲಿದ್ದ ದಮನ್ ಸಮುದ್ರದ ದಂಡೆಯಲ್ಲಿತ್ತು. ಅವರದೇ ದಾದ್ರಾ ಮತ್ತು ನಗರ್ ಹವೇಲಿ ಒಳನಾಡಿನಲ್ಲಿ, ಸುತ್ತ ಭಾರತ. 1954ರಲ್ಲಿ ಹೋರಾಟಗಾರರು ಆ ಜಾಗಗಳನ್ನು ವಶಪಡಿಸಿಕೊಂಡರು. ಪೋರ್ಚುಗೀಸರು ಅಲ್ಲಿಗೆ ಹೋಗಲು ಭಾರತ ಬಿಡಲಿಲ್ಲ. 1955ರಲ್ಲಿ ಪೋರ್ಚುಗಲ್ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನಮ್ಮ ಹಳ್ಳಿಗಳ ಬಂಡಿದಾರಿ ಜಗಳದ ಹಾಗೆಯೇ ವಾದ ನಡೆಯಿತು: ಹೊಲ ನಿನ್ನದು, ಆದರೆ ನಮ್ಮಜ್ಜನ ಕಾಲದಿಂದ ಇದೇ ದಾರಿಯಲ್ಲಿ ಓಡಾಡಿದ್ದೇವೆ. 1960ರ ಏಪ್ರಿಲ್ 12ರ ತೀರ್ಪು ಜಾಣತನದ್ದು. ಜನಸಾಮಾನ್ಯರು, ಸರ್ಕಾರಿ ನೌಕರರು ಮತ್ತು ಸರಕು ಹೋಗಲು ಪೋರ್ಚುಗಲ್‌ಗೆ ಹಕ್ಕಿತ್ತು, ಅದೂ ಭಾರತದ ನಿಯಂತ್ರಣಕ್ಕೆ ಒಳಪಟ್ಟು. ಸೈನಿಕರು, ಶಸ್ತ್ರಸಜ್ಜಿತ ಪೊಲೀಸರು ಮತ್ತು ಮದ್ದುಗುಂಡು ಸಾಗಿಸಲು ಹಕ್ಕಿರಲಿಲ್ಲ. ಆ ಗಲಭೆಯ ಹೊತ್ತಿನಲ್ಲಿ ಭಾರತ ತಡೆದದ್ದು ತಪ್ಪಲ್ಲ.

ಈ ತೀರ್ಪನ್ನು ಎತ್ತಿ ಗಾಜಾಗೆ ಅಂಟಿಸಲು ಆಗುವುದಿಲ್ಲ. ಅದು ನಿಂತಿದ್ದು ಆ ಜಾಗದ 125 ವರ್ಷಕ್ಕೂ ಮೀರಿದ ರೂಢಿಯ ಮೇಲೆ. ಆದರೆ ಅದು ಕಲಿಸುವುದು ಬೆಲೆಬಾಳುವಂಥದ್ದು. ಮನುಷ್ಯನ ಓಡಾಟವನ್ನು ಬಂದೂಕಿನ ಓಡಾಟದಿಂದ ಬೇರೆ ಮಾಡಬಹುದು. ನೆಲದ ಒಡೆತನವನ್ನು ಹಾದಿಯ ಬಳಕೆಯಿಂದಲೂ ಬೇರೆ ಮಾಡಬಹುದು. ಹಾದಿ ತೆರೆದರೆ ಆಯುಧವೂ ಹೋಗುತ್ತದೆ ಎನ್ನುವುದು ಇಸ್ರೇಲ್‌ನ ದೊಡ್ಡ ಹೆದರಿಕೆ. ಅದನ್ನು ಸುಮ್ನೆ ನೆಪ ಎಂದು ತಳ್ಳಿಹಾಕಬಾರದು.

2003ರಲ್ಲಿ ಎರಡೂ ಕಡೆಯ ಮಾಜಿ ಅಧಿಕಾರಿಗಳು ಮತ್ತು ರಾಜಕಾರಣಿಗಳು ಸೇರಿ, ಸರ್ಕಾರದ ಮೊಹರಿಲ್ಲದೆ, ಜಿನೀವಾ ಕರಡು ಬರೆದರು. ಅದರಲ್ಲಿ ಈ ಬೇರ್ಪಡಿಸುವ ಕೆಲಸ ಸ್ಪಷ್ಟವಾಗಿದೆ. ಹಾದಿಯ ನೆಲ ಇಸ್ರೇಲ್‌ನದ್ದು. ಆಡಳಿತ ಪ್ಯಾಲೆಸ್ಟೀನ್‌ನದ್ದು. ಹಾದಿಯಲ್ಲಿ ಹೋಗುವವರಿಗೆ ಪ್ಯಾಲೆಸ್ಟೀನ್ ಕಾನೂನು. ಹಾದಿ ಸದಾ ತೆರೆದಿರಬೇಕು, ಇಸ್ರೇಲ್‌ನ ರಸ್ತೆಗಳಿಗೆ ಅಡ್ಡಿ ಆಗಬಾರದು. ನನ್ನ ಮಟ್ಟಿಗೆ ಇದುವರೆಗಿನ ಅತ್ಯುತ್ತಮ ವಿನ್ಯಾಸ ಇದೇ. ಯಾರೂ ಜಾರಿಗೆ ತರಲಿಲ್ಲ.

2024ರ ಜುಲೈ 19ರಂದು ಅದೇ ಹೇಗ್ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶ ಒಂದೇ ಘಟಕ, ಅದರ ಏಕತೆಯನ್ನು ಕಾಪಾಡಬೇಕು ಎಂದಿತು. ಕಾನೂನು ಹೀಗಿದ್ದರೂ ಗೇಟಿನಲ್ಲಿ ನೋಡುವುದು ಗುರುತಿನ ಚೀಟಿಯಲ್ಲಿರುವ ವಿಳಾಸವನ್ನು. 1995ರ ಒಪ್ಪಂದದ ಪ್ರಕಾರ ಯಾರಾದರೂ ಗಾಜಾದಿಂದ ರಾಮಲ್ಲಾಗೆ ಮನೆ ಬದಲಿಸಿದರೆ ಪ್ಯಾಲೆಸ್ಟೀನ್ ಆಡಳಿತ ಅದನ್ನು ಇಸ್ರೇಲ್‌ಗೆ ತಿಳಿಸಿದರೆ ಸಾಕಿತ್ತು. 2000ದ ನಂತರ ಇಸ್ರೇಲ್ ಒಪ್ಪದಿದ್ದರೆ ವಿಳಾಸ ಬದಲಾಗುವುದಿಲ್ಲ ಎಂದಾಯಿತು. ವರ್ಷಗಟ್ಟಲೆ ವೆಸ್ಟ್ ಬ್ಯಾಂಕ್‌ನಲ್ಲೇ ಬದುಕಿದ ಜನ ಚೀಟಿಯಲ್ಲಿನ ಗಾಜಾ ವಿಳಾಸದಿಂದಾಗಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದಿದ್ದಾರೆ. ಅಂಥವರನ್ನು ಗಾಜಾಗೆ ಕಳಿಸಿದ್ದೂ ಇದೆ. ಆ ದಿಕ್ಕಿಗೆ ಹೋಗಲು ಸೇತುವೆಯೂ ಬೇಕಾಗಲಿಲ್ಲ, ಸುರಂಗವೂ ಬೇಕಾಗಲಿಲ್ಲ.