ಕೋಚಿಂಗ್‌ಗಿಂತ ಮೊದಲು ಪರೀಕ್ಷೆಯನ್ನು ಆರಿಸಿಕೊಳ್ಳಿ

ಪ್ಲಸ್ ಟು (ಹನ್ನೆರಡನೇ ತರಗತಿ) ಪರೀಕ್ಷೆ ಮುಗಿಯುವ ಮೊದಲೇ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಮನೆಗಳಿಗೆ ಕೋಚಿಂಗ್ ಸಂಸ್ಥೆಗಳ ಕರೆಗಳು ಬರತೊಡಗುತ್ತವೆ. ಈಚೆಗೆ ಒಬ್ಬ ತಾಯಿ ಎರಡು ಬ್ರೋಷರುಗಳನ್ನು, ಒಂದು ಮಂಗಳೂರಿನದು ಮತ್ತೊಂದು ತ್ರಿಶೂರಿನದು, ನನ್ನ ಮೇಜಿನ ಮೇಲಿಟ್ಟು "ಮಾಷ್ಟ್ರೇ, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದರು. ಮಗಳು ಯಾವ ಪರೀಕ್ಷೆ ಬರೆಯುತ್ತಾಳೆಂದು ವಿಚಾರಿಸಿದರೆ, "ಎಲ್ಲವನ್ನೂ ಬರೆಯಲಿ" ಎಂದರು. ಹಲವು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ಹೆಚ್ಚು ಚಿಂತೆ ಹುಟ್ಟಿಸುವ ಉತ್ತರ ಇದು.

ಗಡಿನಾಡಿನ ಮಕ್ಕಳಿಗೆ ಎರಡು ರಾಜ್ಯಗಳಲ್ಲಿ ಅವಕಾಶವಿದೆ. ಕೇರಳದ ಎಂಜಿನಿಯರಿಂಗ್ ಸೀಟಿಗೆ ಕೀಮ್ ಬರೆಯಬೇಕು. ಕರ್ನಾಟಕದ ಸೀಟಿಗೆ ಸಿಇಟಿ ಇದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಗಡಿನಾಡಿನವರು ನಿಗದಿತ ಷರತ್ತುಗಳಿಗೆ ಒಳಪಟ್ಟು ಇದಕ್ಕೆ ಅರ್ಹರಾಗುತ್ತಾರೆ, ಆದರೆ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ವೈದ್ಯಕೀಯಕ್ಕೆ ಎರಡೂ ಕಡೆ ನೀಟ್. ಪಠ್ಯ ಬಹುಮಟ್ಟಿಗೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯದೇ ಆದರೂ ಉತ್ತರಿಸುವ ಕ್ರಮ ಒಂದೇ ಅಲ್ಲ. ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 720 ಅಂಕ, ಸರಿಯುತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ. ಕೀಮ್‌ನಲ್ಲೂ ತಪ್ಪಿಗೆ ಅಂಕ ಹೋಗುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆಗಳು, ತಪ್ಪಿಗೆ ಕಡಿತವೇ ಇಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ನೀಟ್ ಬ್ಯಾಚಿನಲ್ಲಿ ಎರಡು ವರ್ಷ ಕಲಿತ ಹುಡುಗನೊಬ್ಬ ಸಿಇಟಿಯ ಭೌತಶಾಸ್ತ್ರದಲ್ಲಿ 11 ಪ್ರಶ್ನೆಗಳನ್ನು ಹಾಗೆಯೇ ಬಿಟ್ಟು ಬಂದಿದ್ದ. ಗೊತ್ತಿಲ್ಲದ್ದನ್ನು ಮುಟ್ಟಬಾರದೆಂದು ಅವನಿಗೆ ಕಲಿಸಿದ್ದರು. ಆ ಪಾಠ ನೀಟ್‌ಗೆ ಸರಿ, ಸಿಇಟಿಗೆ ನಷ್ಟ. ಕಳೆದುಕೊಂಡ ಅಂಕಗಳಿಗೆ ಅವನ ಓದು ಕಾರಣವಾಗಿರಲಿಲ್ಲ. ಆದ್ದರಿಂದ ಕೋರ್ಸು ಕೊಡುವವರಲ್ಲಿ ನಾನು ಕೇಳಲು ಹೇಳುವ ಮೊದಲ ಪ್ರಶ್ನೆ: ಮಾದರಿ ಪರೀಕ್ಷೆಗಳನ್ನು ಯಾವ ಪರೀಕ್ಷೆಯ ಸಮಯ ಮತ್ತು ಅಂಕಕ್ರಮದಲ್ಲಿ ನಡೆಸುತ್ತೀರಿ?

ಎರಡನೆಯದು ಭಾಷೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಕಲಿತ ಮಗು ಪ್ಲಸ್ ವನ್‌ನಲ್ಲಿ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಓದುತ್ತದೆ. ಕೇರಳದ ಕೋಚಿಂಗ್ ತರಗತಿಯಲ್ಲಿ ವಿವರಣೆ ಮಲಯಾಳದಲ್ಲೂ ಇರುತ್ತದೆ. ಸಂಶಯ ಕೇಳಲು ಯಾವ ಭಾಷೆ ನಡೆಯುತ್ತದೆಂದು ಡೆಮೊ ತರಗತಿಯಲ್ಲಿ ಕೂತೇ ತಿಳಿದುಕೊಳ್ಳಬೇಕು. ನೀಟ್‌ನ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ ಎಂಬುದು ಇಲ್ಲಿನ ಅನೇಕರಿಗೆ ಅರ್ಜಿ ತುಂಬಿದ ಮೇಲಷ್ಟೇ ಗೊತ್ತಾಗುತ್ತದೆ. ಆದರೂ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವರು ಕೊನೆಯ ಗಳಿಗೆಯಲ್ಲಿ ಕನ್ನಡ ಪತ್ರಿಕೆಯತ್ತ ಹೊರಳುವುದನ್ನು ನಾನು ಒಪ್ಪುವುದಿಲ್ಲ. ಅನುವಾದದಲ್ಲಿ ಗೊಂದಲವಾದರೆ ಕೊನೆಗೆ ಇಂಗ್ಲಿಷ್ ಪ್ರಶ್ನೆಯನ್ನೇ ಪರಿಗಣಿಸುತ್ತಾರೆ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಮರಳಿಸಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ಇರಬಾರದು, ರ‍್ಯಾಂಕಿನ ಖಾತರಿ ನೀಡಬಾರದು. ಗೋಡೆಯ ಮೇಲಿನ ರ‍್ಯಾಂಕ್ ವಿದ್ಯಾರ್ಥಿ ಅಲ್ಲಿ ಎರಡು ವರ್ಷ ಕಲಿತವನೋ, ಬರೀ ಮಾದರಿ ಪರೀಕ್ಷೆ ಬರೆದವನೋ ಎಂದು ಕೇಳಿದರೆ ಉತ್ತರಕ್ಕಿಂತ ಹೆಚ್ಚಿನದು ಉತ್ತರಿಸುವವರ ಮುಖದಲ್ಲಿ ಕಾಣುತ್ತದೆ.

ಆ ತಾಯಿಗೆ ನಾನು ಸದ್ಯ ಯಾವ ಸಂಸ್ಥೆಯನ್ನೂ ಹೇಳಲಿಲ್ಲ. ಹಿಂದಿನ ವರ್ಷದ ಕೀಮ್ ಮತ್ತು ಸಿಇಟಿ ಪತ್ರಿಕೆಗಳನ್ನು ಮಗಳು ಗಡಿಯಾರ ಎದುರಿಟ್ಟು ಬಿಡಿಸಲಿ ಎಂದೆ. ಗಣಿತದಲ್ಲಿ ತೊಂದರೆ ಇರಲಿಲ್ಲ, ರಸಾಯನಶಾಸ್ತ್ರದಲ್ಲಿ ಸಾವಯವ ಭಾಗ ಪೂರ್ತಿ ಕೈಕೊಟ್ಟಿತ್ತು. ಮಂಗಳೂರಿನ ಹಾಸ್ಟೆಲ್ ಕೈಬಿಟ್ಟು, ಕಾಸರಗೋಡಿನಲ್ಲೇ ಶನಿವಾರ ಮತ್ತು ಭಾನುವಾರದ ರಸಾಯನಶಾಸ್ತ್ರ ಟ್ಯೂಷನ್‌ಗೆ ಸೇರಿಸಿದ್ದಾರೆ.