ಆರ್ದ್ರಾ ಮಂಕಾದಾಗ ಕಲೆಗಳ ಮೇಲೆ ಬಿದ್ದ ಅನುಮಾನ

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಎಲ್ಲರ ಗಮನ ಕಂಕಣ ಸೂರ್ಯಗ್ರಹಣದ ಮೇಲಿತ್ತು. ಅದೇ ದಿನಗಳಲ್ಲಿ ರಾತ್ರಿಯ ಆಕಾಶದಲ್ಲೂ ಒಂದು ಬೆಳಕು ಕುಂದುತ್ತಿತ್ತು. ಮಳೆಯ ಲೆಕ್ಕದಿಂದ ನಮಗೆ ಚಿರಪರಿಚಿತವಾದ ಆರ್ದ್ರಾ ನಕ್ಷತ್ರ (ಬೀಟಲ್‌ಜೂಸ್) ಸಾಮಾನ್ಯವಾಗಿ ರೋಹಿಣಿಗಿಂತ ಪ್ರಖರ. 2020ರ ಫೆಬ್ರವರಿಗೆ ಅದು ರೋಹಿಣಿಗಿಂತಲೂ ಮಸುಕಾಯಿತು. ಮೇಲ್ಮೈಯ ಅರ್ಧಕ್ಕೂ ಹೆಚ್ಚು ಭಾಗವನ್ನು ತಣ್ಣನೆಯ ಕಲೆಗಳು ಆವರಿಸಿರಬಹುದು ಎಂದು ಒಂದು ಸಂಶೋಧಕರ ತಂಡ ಆ ವರ್ಷವೇ ವಾದಿಸಿತು.

ಈ ಊಹೆಗೆ ಮುನ್ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮಂಕಾಗುವ ಮೀರಾ ನಕ್ಷತ್ರದ ಒಂದು ಮಗ್ಗುಲು ಕಪ್ಪಾಗಿದೆ, ಅದು ತಿರುಗುವಾಗ ನಮಗೆ ಬೆಳಕು ಕಡಿಮೆಯಾಗುತ್ತದೆ ಎಂದು ಫ್ರಾನ್ಸಿನ ಇಸ್ಮಾಯೆಲ್ ಬುಲ್ಯೊ 1667ರಲ್ಲಿ ಬರೆದ. ವಿವರಣೆ ಸೊಗಸಾಗಿತ್ತು, ಆದರೆ ತಪ್ಪಾಗಿತ್ತು. ಮೀರಾ ಹಿಗ್ಗಿ ಕುಗ್ಗುವ ತಾರೆ.

ಕಲೆ ಅಂದರೆ ಏನೆಂಬುದೇ ಆಗ ತಿಳಿದಿರಲಿಲ್ಲ. ಸೂರ್ಯನ ಮೇಲಿನ ಕಪ್ಪು ಚುಕ್ಕೆಗಳಾದ ಸೌರಕಲೆಗಳಲ್ಲಿ ಪ್ರಬಲ ಕಾಂತಕ್ಷೇತ್ರವಿದೆ ಎಂದು ಅಮೆರಿಕದ ಖಗೋಳಜ್ಞ ಜಾರ್ಜ್ ಹೇಲ್ ರೋಹಿತದಿಂದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ, ತೋರಿಸಿದ್ದು 1908ರಲ್ಲಿ. ಒಳಗಿನಿಂದ ಮೇಲೇಳುವ ಬಿಸಿ ಅನಿಲವನ್ನು ಆ ಕಾಂತಕ್ಷೇತ್ರ ತಡೆಯುತ್ತದೆ. ಹಾಗಾಗಿ ಆ ಜಾಗ ತಣ್ಣಗಾಗಿ, ಸುತ್ತಲಿನ ಪ್ರಭೆಯ ಎದುರು ಕಪ್ಪಾಗಿ ಕಾಣುತ್ತದೆ. 1947ರಲ್ಲಿ ಜೆರಾಲ್ಡ್ ಕ್ರಾನ್ ಎಆರ್ ಲಾಸರ್ಟೆ ಎಂಬ ಜೋಡಿ ತಾರೆಯ ಬೆಳಕಿನ ಏರಿಳಿತಕ್ಕೆ ಕಲೆಗಳೇ ಕಾರಣವಿರಬಹುದೆಂದರು. 1960ರ ದಶಕದಲ್ಲಿ ಬಿವೈ ಡ್ರಕೋನಿಸ್ ಎಂಬ ತಂಪಾದ ಪುಟ್ಟ ತಾರೆಯ ಏರಿಳಿತಕ್ಕೂ ಕಲೆಗಳ ವಿವರಣೆ ಬಂತು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಪುರಾವೆಯ ಪ್ರಶ್ನೆ. ಮಂಕಾದದ್ದೆಲ್ಲ ಕಲೆಯಲ್ಲ. ತಾರೆ ತನ್ನ ಸುತ್ತಿನ ಅವಧಿಗೆ ಸರಿಯಾಗಿ ಕುಂದಬೇಕು, ಕುಂದಿದಾಗ ತುಸು ಕೆಂಪಾಗಬೇಕು, ರೋಹಿತದಲ್ಲಿ ಕ್ಯಾಲ್ಸಿಯಂ ಮೂಡಿಸುವ ರೇಖೆಗಳು ಕಾಂತ ಚಟುವಟಿಕೆಗೆ ಸಾಕ್ಷಿ ನುಡಿಯಬೇಕು. ಈ ರೇಖೆಗಳನ್ನು ಅಮೆರಿಕದ ಖಗೋಳಜ್ಞ ಓಲಿನ್ ವಿಲ್ಸನ್ 1966ರಿಂದ ವರ್ಷಗಟ್ಟಲೆ ಅಳೆದು, ಸೂರ್ಯನಂತೆ ಇತರ ತಾರೆಗಳಿಗೂ ಚಟುವಟಿಕೆಯ ಚಕ್ರವಿದೆ ಎಂದು 1978ರಲ್ಲಿ ತೋರಿಸಿದರು. ತಂಪು ತಾರೆಗಳ ಇದೇ ರೇಖೆಗಳ ಅಗಲಕ್ಕೂ ನಿಜಪ್ರಕಾಶಕ್ಕೂ (ದೂರದ ಲೆಕ್ಕ ಬಿಟ್ಟು ತಾರೆಯ ಸ್ವಂತ ಬೆಳಕಿಗೂ) ಇರುವ ನಂಟನ್ನು ಅವರು ನಮ್ಮ ಖಗೋಳಜ್ಞ ವೈನು ಬಪ್ಪು ಅವರೊಡನೆ 1957ರಲ್ಲೇ ಪ್ರಕಟಿಸಿದ್ದರು. ಆ ಹೆಮ್ಮೆಯ ಕೆಲಸ ನಮ್ಮ ಪಠ್ಯಗಳಲ್ಲಿ ಇನ್ನೂ ವಿಸ್ತಾರವಾಗಿ ಬರಬೇಕು.

ಆರ್ದ್ರಾ ಈ ಪರೀಕ್ಷೆಗಳಲ್ಲಿ ಸುಲಭವಾಗಿ ಗೆಲ್ಲುವುದಿಲ್ಲ. ಅದು ಒಂದು ಸುತ್ತು ತಿರುಗಲು ದಶಕಗಳೇ ಬೇಕೆಂಬ ಅಂದಾಜಿದೆ, ಮಂಕಾದದ್ದು ಮಾತ್ರ ಕೆಲವೇ ತಿಂಗಳಲ್ಲಿ. ಸೌರಕಲೆಯ ಕಾಂತಕ್ಷೇತ್ರ ಸಾವಿರಾರು ಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ) ಇದ್ದರೆ, ಆರ್ದ್ರಾದ ಮೇಲ್ಮೈಯಲ್ಲಿ ಅಳೆದದ್ದು ಸುಮಾರು ಒಂದು ಗಾಸ್. 2021ರಲ್ಲಿ ಪ್ರಕಟವಾದ ಅಧ್ಯಯನ ಬೇರೆ ದಾರಿ ತೋರಿಸಿತು: ತಾರೆಯೇ ಉಗುಳಿದ ಅನಿಲ, ಮೇಲ್ಮೈಯ ಒಂದು ಭಾಗ ತಣ್ಣಗಾದಾಗ, ಧೂಳಾಗಿ ಗಟ್ಟಿಯಾಗಿ ನಮಗೆ ಅಡ್ಡ ನಿಂತಿತ್ತು. ತಣ್ಣನೆಯ ಜಾಗವೇನೋ ಇತ್ತು, ಆದರೆ ಒಳಗಿನ ಅನಿಲದ ಕುದಿತದಿಂದಲೂ ಅಂಥದ್ದು ಹುಟ್ಟಬಹುದು.

ಜನವರಿಯ ಸಂಜೆ ಮಲ್ಪೆಯಲ್ಲೋ ಸುರತ್ಕಲ್‌ನಲ್ಲೋ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ನೋಡಿದರೆ ಆರ್ದ್ರಾ, ರೋಹಿಣಿ ಎರಡೂ ಸಿಗುತ್ತವೆ. ಯಾವುದು ಹೆಚ್ಚು ಪ್ರಖರ ಎಂದು ದಿನಾಂಕದೊಡನೆ ಬರೆದಿಡಲು ದೂರದರ್ಶಕ ಬೇಕಿಲ್ಲ.